ಏಳನೇ ನಂಬರಿನ ಮೈ

ನಮ್ಮ ಭಾಗದಲ್ಲಿ ಹೆಂಗಸರ ಫೋಟೋ ಹುಡುಕುವುದು ಅವರು ಸತ್ತ ಮೇಲೆ. ಮಣ್ಣು ಮಾಡಿ ಬಂದ ಮರುದಿನ ಮಗನೋ ಅಳಿಯನೋ ಮಸ್ಕಿಯ ನನ್ನ ಸ್ಟುಡಿಯೋಕ್ಕೆ ಬರುತ್ತಾನೆ. ಜೇಬಿನಿಂದ ಆಧಾರ್ ಕಾರ್ಡು ತೆಗೆದು ಟೇಬಲ್ಲಿನ ಗಾಜಿನ ಮೇಲೆ ಇಟ್ಟು, "ಇದನ್ನ ದೊಡ್ಡದು ಮಾಡಿಕೊಡ್ರಿ, ನಾಳಿಗೆ ಬೇಕು" ಎನ್ನುತ್ತಾನೆ. ಆ ಕಾರ್ಡಿನಲ್ಲಿರುವುದು ಮುಖ ಮಾತ್ರ, ಅದೂ ಹೆದರಿದ ಮುಖ. ಬರೀ ಮುಖವನ್ನು ಗೋಡೆಗೆ ಹಾಕಿದರೆ ಪೊಲೀಸ್ ಠಾಣೆಯ ಬೋರ್ಡಿನಂತೆ ಕಾಣುತ್ತದೆ. ಅದಕ್ಕೊಂದು ಮೈ ಬೇಕು.

ಆ ಮೈ ನಾನು ಕೊಡುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿ ಒಂಬತ್ತು ಹೆಂಗಸರ ಮೈಗಳಿವೆ, ಕುತ್ತಿಗೆಯಿಂದ ಮೊಣಕಾಲಿನವರೆಗೆ. ಒಂದರಿಂದ ಒಂಬತ್ತರ ತನಕ ನಂಬರು ಹಾಕಿಟ್ಟಿದ್ದೇನೆ. ಗಂಡನಿಗಿಂತ ಮುಂಚೆ ಹೋದವಳಾದರೆ ಹಸಿರು ಸೀರೆ, ಹಸಿರು ಬಳೆ, ಕೊರಳಲ್ಲಿ ತಾಳಿ. ಗಂಡ ಹೋದ ಮೇಲೆ ಹೋದವಳಾದರೆ ಮಾಸಲು ಬಣ್ಣದ ಸೀರೆ, ಬರಿಗೈ. ಮುಖ ಕತ್ತರಿಸಿ, ತಕ್ಕ ಮೈ ಆರಿಸಿ, ಕುತ್ತಿಗೆಯ ಹತ್ತಿರ ಬಣ್ಣ ಹೊಂದಿಸಿ ಕೂಡಿಸಿದರೆ ಮುಗಿಯಿತು. ಬದುಕಿದ್ದಾಗ ನೆಟ್ಟಗೊಂದು ಸೀರೆ ಉಡದವಳು ಗೋಡೆಯ ಮೇಲೆ ರೇಷ್ಮೆ ಉಟ್ಟು ನಿಲ್ಲುತ್ತಾಳೆ. ಮನೆಯವರು ಕಣ್ಣು ಒರೆಸಿಕೊಂಡು "ಥೇಟ್ ನಮ್ಮವ್ವನೇ" ಎನ್ನುತ್ತಾರೆ. ಥೇಟ್ ಎಲ್ಲಿಂದ ಬಂತು? ಕುತ್ತಿಗೆಯಿಂದ ಕೆಳಗೆ ಅದು ಸಿಂಧನೂರಿನ ಸೀರೆ ಅಂಗಡಿಯ ಗೊಂಬೆ.

ಇದನ್ನು ಮೋಸ ಎನ್ನುವವರು ಅನ್ನಲಿ, ನಾನೇನೂ ತಲೆ ಕೆಡಿಸಿಕೊಂಡವನಲ್ಲ. ಈ ಕಸುಬಿನಲ್ಲಿ ಎಲ್ಲರೂ ಮಾಡುತ್ತಾರೆ. ಉಳಿದವರು ಇಂಟರ್ನೆಟ್ಟಿನಿಂದ ಯಾವುದೋ ದೇಶದ ಮದುಮಗಳ ಮೈ ಇಳಿಸಿಕೊಂಡು ಅದಕ್ಕೆ ನಮ್ಮ ಮುದುಕಿಯ ತಲೆ ಇಡುತ್ತಾರೆ. ನನ್ನ ಗೊಂಬೆಗಳಾದರೂ ನಮ್ಮ ಕಡೆಯ ಹಾಗೆ ಸೀರೆ ಉಟ್ಟಿರುತ್ತಿದ್ದವು. ಯಾಕೆಂದರೆ ಅವಕ್ಕೆ ಸೀರೆ ಉಡಿಸುತ್ತಿದ್ದವಳು ನನ್ನ ಹೆಂಡತಿ.

ಸಿಂಧನೂರಿನ ಆ ಅಂಗಡಿಯವರು ಹೊಸ ಮಾಲು ಬಂದಾಗಲೆಲ್ಲ ನನ್ನನ್ನು ಕರೆಸಿ ಫೋಟೋ ತೆಗೆಸುತ್ತಿದ್ದರು. ಅಂಗಡಿಯ ಮೇಲಿನ ಗೋದಾಮಿನಲ್ಲಿ ಹತ್ತು ಹನ್ನೆರಡು ಗೊಂಬೆಗಳು. ಸುಣ್ಣದಂಥ ಬಿಳುಪು, ನೀಲಿ ಕಣ್ಣು, ಬಣ್ಣ ಎದ್ದ ತುಟಿ. ಸೀರೆ ಉಡಿಸಲು ಮಂದಿ ಬೇಕೆಂದು ನಾನು ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಗೊಂಬೆಯ ಬೆರಳುಗಳು ಮಡಚುವುದಿಲ್ಲ, ಬಳೆ ಏರುವುದಿಲ್ಲ. ಅವಳು ಮುಂಗೈಯನ್ನು ತಿರುವಿ ಬಿಚ್ಚಿ, ಬಳೆ ತೊಡಿಸಿ, ಮತ್ತೆ ತಿರುವಿ ಕೂಡಿಸುತ್ತಿದ್ದಳು. ಬಿಚ್ಚಿದ ಕೈಯನ್ನು ಒಮ್ಮೆ ನನ್ನ ಹೆಗಲ ಮೇಲೆ ಇಟ್ಟು, "ಇವನ್ನ ಕಟಗೊಂಡಿದ್ರ ನಿಮಗ ಚೊಲೋ ಇತ್ತು ನೋಡ್ರಿ. ತಿರುಗಿ ಮಾತಾಡಂಗಿಲ್ಲ, ಹೊಟ್ಟಿಗೂ ಕೇಳಂಗಿಲ್ಲ" ಎಂದಿದ್ದಳು.

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ವಾಲಿದಳು. ತಲೆಯಲ್ಲಿ ರಕ್ತ ಸೋರಿದೆ ಎಂದರು. ರಾಯಚೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮೂರನೇ ದಿನ ಮಸ್ಕಿಗೆ ತಂದೆವು.

ಕಾರ್ಯಕ್ಕೆ ಬಂದ ಬಳಗದವರು ಫೋಟೋ ಎಲ್ಲಿ ಎಂದು ಕೇಳಿದರು. ಆಧಾರ್ ಕಾರ್ಡು ಬಿಟ್ಟರೆ ಒಂದೂ ಇರಲಿಲ್ಲ. ಅವಳು ಕ್ಯಾಮೆರಾ ಕಂಡರೆ ಸೆರಗು ಅಡ್ಡ ಹಿಡಿಯುವವಳು, ಮೊಬೈಲು ಎತ್ತಿದರೆ ಕೈ ಅಡ್ಡ ಇಡುವವಳು. "ನಿಮ್ಮ ಕೆಲಸ ಮನಿಯಾಗ ತರಬ್ಯಾಡ್ರಿ" ಎನ್ನುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ. ಇರುವ ಮನುಷ್ಯಳು, ಎಲ್ಲಿ ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಗೊಂಬೆಯ ಮೈ ಹಚ್ಚಲು ಮನಸ್ಸು ಬರದೆ, ಮಣೆಯ ಮೇಲೆ ಬರೀ ದೀಪ ಇಟ್ಟು ಕಾರ್ಯ ಮುಗಿಸಿದೆವು. "ಸಾವಿರ ಮಂದಿ ಫೋಟೋ ತೆಗದಾನ, ಹೆಂಡ್ತಿದು ಒಂದು ತೆಗಿಯಾಕ ಆಗಲಿಲ್ಲೇನು" ಎಂದು ನನ್ನ ಅಕ್ಕ ಎಲ್ಲರ ಎದುರೇ ಅಂದಳು. ಅನ್ನಿಸಿಕೊಂಡೆ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿಸಿಕೊಂಡ ದವಡೆಯಂತೆ ಇತ್ತು. ಅಲ್ಲಿ ಏನೋ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ಸೂಜಿಯ ಮದ್ದಾದರೆ ಸಂಜೆಗೆ ಇಳಿಯುತ್ತದೆ. ಇದು ಇಳಿಯಲಿಲ್ಲ. ಮದುವೆಗಳಿಗೆ ಹೋದೆ, ಪಾಸ್‌ಪೋರ್ಟ್ ಫೋಟೋ ತೆಗೆದೆ, ಹೊತ್ತಿಗೆ ಉಂಡೆ. ಸಿಂಧನೂರಿನ ಅಂಗಡಿಗೂ ಹೋದೆ. ಈಗ ಸೀರೆ ಉಡಿಸಲು ಅಂಗಡಿಯವರೇ ಒಬ್ಬ ಹೆಣ್ಣುಮಗಳನ್ನು ಇಟ್ಟಿದ್ದರು. ಕೆಲಸ ಮುಗಿದು ಅವಳು ಕೆಳಗಿಳಿದ ಮೇಲೂ ನಾನು ಗೋದಾಮಿನಲ್ಲೇ ಉಳಿಯುತ್ತಿದ್ದೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ಸೀರೆ ಬಿಚ್ಚಿದ ಗೊಂಬೆಗಳ ಫೋಟೋ ಹಾಗೇ ತೆಗೆಯತೊಡಗಿದೆ. ಧೂಳು ಕೂರಬಾರದೆಂದು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದವು, ಗೋಡೆಗೆ ಮುಖ ಮಾಡಿ ನಿಲ್ಲಿಸಿದವು, ಒಂದರ ಮೇಲೊಂದು ಮಲಗಿಸಿದವು. ರಟ್ಟಿನ ಡಬ್ಬಿಯೊಂದರಲ್ಲಿ ಬಿಚ್ಚಿದ ಮುಂಗೈಗಳು, ಎಲ್ಲವೂ ಎಡಗೈಗಳೇ.

ಯಾಕೆ ತೆಗೆದೆ ಎಂದರೆ, ಅಲ್ಲಿ ಯಾರೂ ನನ್ನನ್ನು ಸಮಾಧಾನ ಮಾಡುತ್ತಿರಲಿಲ್ಲ. "ಊಟ ಆತೇನ್ರಿ" ಎಂದು ಮರುಕದಿಂದ ಕೇಳುತ್ತಿರಲಿಲ್ಲ. ನನಗೆ ಏನೂ ಅನ್ನಿಸದ ಕಾಲದಲ್ಲಿ, ಏನೂ ಅನ್ನಿಸದವುಗಳ ನಡುವೆ ಕೂತರೆ ಹಗುರಾಗುತ್ತಿತ್ತು.

ಈ ನಡುವೆ ಮಗಳ ಮದುವೆ ಗೊತ್ತಾಯಿತು. ನಮಗೆ ಒಬ್ಬಳೇ ಮಗಳು, ಹಟ್ಟಿಯಲ್ಲಿ ನರ್ಸ್ ಆಗಿದ್ದಾಳೆ. ಹುಡುಗ ಅಲ್ಲೇ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು. ಅವನ ಊರು ಪಾಮನಕಲ್ಲೂರು, ತಂದೆ ತಾಯಿ ಅಲ್ಲೇ ಹೊಲ ಮಾಡಿಕೊಂಡಿದ್ದಾರೆ. ದಿನ ನಿಶ್ಚಯ ಮಾಡಿ ಬಂದ ದಿನ ಮಗಳು ನನ್ನೆದುರು ಕೂತಳು.

"ಅಪ್ಪ, ಮಂಟಪಕ್ಕ ಹತ್ತೂಕಿಂತ ಮದಲ ಅವ್ವಗ ಕಾಲು ಬೀಳಬೇಕು ನಾನು. ಫೋಟೋ ಮಾಡು."

"ಮಾಡೋಣ ಬಿಡವ್ವ" ಎಂದೆ.

"ಗೊಂಬಿ ಮೈ ಹಚ್ಚಿದ್ರ ನಾ ಕಾಲು ಬೀಳಂಗಿಲ್ಲ, ಮದಲ ಹೇಳಾಕತ್ತೀನಿ. ಊರಾಗಿನ ಮುದುಕೇರಿಗೆಲ್ಲ ಹಚ್ಚಿದ್ದು ನಮ್ಮವ್ವಗ ಬ್ಯಾಡ."

ಸ್ಟುಡಿಯೋದಲ್ಲೇ ಬೆಳೆದ ಹುಡುಗಿ. ಯಾವ ತಲೆ ಯಾವ ಮೈ ಮೇಲೆ ಕೂತಿದೆ ಎಂದು ದೂರದಿಂದಲೇ ಹೇಳುವವಳು. ಅವಳಿಗೆ ಸುಳ್ಳು ಕೊಡಲು ಬರುವುದಿಲ್ಲ.

ಹುಡುಕಿದೆ. ನಮ್ಮ ಮದುವೆಗೆ ಯಾರೂ ಫೋಟೋ ತೆಗೆದಿರಲಿಲ್ಲ, ಹಳೆಯ ಹಾರ್ಡ್ ಡಿಸ್ಕುಗಳನ್ನೆಲ್ಲ ತೆರೆದೆ. ಊರವರ ಮದುವೆಗಳಲ್ಲಿ ನನಗೆ ಲೈಟು ಹಿಡಿದು ನಿಂತವಳ ಅರ್ಧ ಮುಖ ಎರಡು ಕಡೆ ಸಿಕ್ಕಿತು, ಬೆಳಕು ಬಡಿದು ಬೆಳ್ಳಗಾದದ್ದು. ಮಗಳ ಮೊಬೈಲಿನಲ್ಲಿ ಮುಖಕ್ಕೆ ಅಡ್ಡ ಬಂದ ಅಂಗೈ. ಉಳಿದದ್ದು ಆಧಾರ್ ಕಾರ್ಡು. ಮದುವೆಗೆ ಇನ್ನೂ ಒಂದೂವರೆ ತಿಂಗಳಿತ್ತು.

ಆಗಲೇ ಲಿಂಗಸುಗೂರಿನ ಚಿತ್ರಕಲಾ ಮಾಸ್ತರರೊಬ್ಬರು ಯಾವುದೋ ಚಿತ್ರಕ್ಕೆ ಕಟ್ಟು ಹಾಕಿಸಲು ಬಂದರು. ನನ್ನ ಕಂಪ್ಯೂಟರಿನಲ್ಲಿ ಗೊಂಬೆಗಳ ಫೋಟೋ ತೆರೆದಿತ್ತು. ಕಟ್ಟಿನ ಮಾತು ಬಿಟ್ಟು ಅದರ ಮುಂದೆ ಕೂತುಬಿಟ್ಟರು.

"ಏನ್ರೀ ಇವು, ಮೈ ಜುಂ ಅಂತೈತಲ್ಲ. ಲಿಂಗಸುಗೂರಾಗ ನಮ್ಮ ಪ್ರದರ್ಶನ ಐತಿ, ಇವನ್ನ ಹಾಕೋಣ. ಇದು ಕಲಾ ಅಂದ್ರ."

"ಗೋದಾಮಿನ ಗೊಂಬಿ ಯಾರು ನೋಡ್ತಾರ್ರೀ" ಎಂದೆ.

"ಹೆದರತಾರ, ಅದಕ್ಕ ನೋಡ್ತಾರ" ಎಂದರು. ಹಳೆಯವು ಇದ್ದರೂ ತೋರಿಸಿ ಎಂದರು. ಡಿಸ್ಕು ಕೊಟ್ಟೆ. ಅವರೇ ಇಪ್ಪತ್ತು ಆರಿಸಿಕೊಂಡು ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡರು. ಯಾವುವು ಎಂದು ನಾನು ನೋಡಲೂ ಇಲ್ಲ.

ಪ್ರದರ್ಶನಕ್ಕೆ ಹೋದದ್ದು ಮಾಸ್ತರರ ಮುಲಾಜಿಗೆ. ಮಗಳು ಡ್ಯೂಟಿ ಮುಗಿಸಿ ಹಟ್ಟಿಯಿಂದ ಬಸ್ಸಿಗೆ ಬಂದಳು. ಕಾಲೇಜು ಹುಡುಗಿಯರು ಗುಂಪು ಗುಂಪಾಗಿ ನಿಂತಿದ್ದರು. ಚೀಲ ಕಟ್ಟಿದ ತಲೆಗಳ ಮುಂದೆ ಸ್ವಲ್ಪ ನಕ್ಕರು, ಕೈಗಳ ಡಬ್ಬಿಯ ಮುಂದೆ ಸುಮ್ಮನಾದರು. ಮೂಲೆಯ ಒಂದು ಚಿತ್ರದ ಮುಂದೆ ಮಾತ್ರ ಹಿಂದೆ ಹಿಂದೆ ಸರಿಯುತ್ತಿದ್ದರು. ಹಸಿರು ಸೀರೆ, ತಲೆಯಿಲ್ಲ, ಕುತ್ತಿಗೆಗೆ ಚಿತ್ರ ಮುಗಿಯುತ್ತದೆ.

"ಇದು ಒಂದು ಬ್ಯಾಡ ನೋಡು" ಎಂದಳು ಒಬ್ಬ ಹುಡುಗಿ ಗೆಳತಿಗೆ. "ಉಸಿರಾಡಾಕತ್ತಂಗ ಐತಿ."

ನಾನು ನೋಡಿದೆ. ನನ್ನ ಏಳನೇ ನಂಬರಿನ ಮೈ. ಒಂಬತ್ತರಲ್ಲಿ ಎಲ್ಲ ತಲೆಗೂ ಹೊಂದುತ್ತಿದ್ದ ಮೈ ಅದೊಂದೇ. ಬಳಸಿ ಬಳಸಿ ನನಗೆ ಅದರ ನೆರಿಗೆಗಳು ಬಾಯಿಪಾಠ. ಇಲ್ಲಿದ್ದದ್ದು ತಿದ್ದುವುದಕ್ಕೆ ಮುಂಚಿನ, ಮೊದಲ ಪ್ರತಿ. ಗೊಂಬೆಗೆ ಯಾಕೆ ತಿದ್ದಿದ್ದೆ ಎಂದು ನನಗೆ ಹೊಳೆಯಲೇ ಇಲ್ಲ.

ಮಗಳು ಬಂದು ಪಕ್ಕದಲ್ಲಿ ನಿಂತಳು. ಆಮೇಲೆ ಚಿತ್ರದ ಬಲ ಮುಂಗೈ ಹತ್ತಿರ ಬೆರಳು ಒಯ್ದು, ಮುಟ್ಟದೆ ತಡೆದಳು. ಅಲ್ಲಿ ಬಳೆಗಳ ಕೆಳಗೆ ಉದ್ದನೆಯ ಸುಟ್ಟ ಕಲೆ ಇತ್ತು, ರೊಟ್ಟಿಯ ಹಂಚಿನ ಅಂಚು ತಾಗಿದ್ದು.

"ಅಪ್ಪ" ಎಂದಳು. "ಇದು ಗೊಂಬಿ ಅಲ್ಲ. ಅವ್ವ."

ನನಗೆ ಆಗ ನೆನಪಾಯಿತು. ಇಷ್ಟು ವರ್ಷ ಎಲ್ಲಿ ಇಟ್ಟಿದ್ದೆನೋ ಕಾಣೆ, ಒಮ್ಮೆಗೇ ಎಲ್ಲವೂ ಬಂತು. ಮಗಳು ಹೈಸ್ಕೂಲಿನಲ್ಲಿದ್ದ ವರ್ಷ, ದೀಪಾವಳಿಗೆ ಒಂದು ವಾರವಿತ್ತು. ಅಂಗಡಿಯವರು "ಇವತ್ತ ಗೊಂಬಿ ಕೊಡಾಕ ಆಗಂಗಿಲ್ರಿ, ಎಲ್ಲಾ ಹೊರಗ ನಿಂತಾವು, ಗಿರಾಕಿ ಗದ್ದಲ ಭಾಳ ಐತಿ" ಎಂದಿದ್ದರು. ಹೊಸ ಹಸಿರು ಸೀರೆಯೊಂದರ ಫೋಟೋ ಉಳಿದಿತ್ತು. ಇವಳೇ ಅಂದಳು, "ತಲಿ ಬ್ಯಾಡಲ್ಲ ನಿಮಗ? ನಾ ನಿಂದರತೀನಿ. ಜಲ್ದಿ ಮುಗಿಸ್ರಿ, ಮಗಳು ಸಾಲಿಯಿಂದ ಬರೂ ಹೊತ್ತಾತು."

ಅವಳು ಆ ಸೀರೆ ಉಟ್ಟು ಗೋದಾಮಿನ ಗೋಡೆಗೆ ನಿಂತಳು. ಸೀರೆಯ ಅಂಚು ಅಲುಗುತ್ತಿತ್ತು. ನಾನು ಬೈದೆ, "ಗೊಂಬಿ ನಿಂತಂಗ ನಿಂದ್ರಾಕ ಬರಂಗಿಲ್ಲೇನು ನಿನಗ? ಉಸಿರು ಬಿಡಬ್ಯಾಡ."

"ಉಸಿರು ಬಿಡಲಾರದ ನಿಂದ್ರಾಕ ನಾ ಏನು ಸತ್ತೀನೇನ್ರಿ" ಎಂದು ನಕ್ಕಳು. ನಕ್ಕರೆ ಮೈ ಅಲುಗುತ್ತದಲ್ಲ, ನನಗೆ ಅದಕ್ಕೂ ಸಿಟ್ಟು. ನಕ್ಕ ಮುಖ ಮೇಲಿತ್ತು. ನಾನು ಕ್ಯಾಮೆರಾ ಇಳಿಸಿ ಕುತ್ತಿಗೆಗೆ ಸರಿಯಾಗಿ ಕಟ್ ಮಾಡಿದೆ. ನಾಲ್ಕು ಬೆರಳು ಮೇಲೆತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ, ತಲೆ ಬೇಕಿರಲಿಲ್ಲ. ಮನೆಗೆ ಬಂದು ಚರ್ಮ ನುಣುಪು ಮಾಡಿದೆ, ಸುಟ್ಟ ಕಲೆ ಅಳಿಸಿದೆ, ಕುಪ್ಪಸದ ಬೆವರು ತೆಗೆದೆ. ಗೊಂಬೆಗಳ ಸಾಲಿಗೆ ಸೇರಿಸಿ ಏಳು ಎಂದು ನಂಬರು ಹಾಕಿದೆ. ಮರೆತೆ.

ಮಾಸ್ತರರಿಗೆ ಹೇಳಿದೆವು. ಅವರು ಚಿತ್ರವನ್ನು ಗೋಡೆಯಿಂದ ಇಳಿಸಿ ಹಾಳೆಯಲ್ಲಿ ಸುತ್ತಿ ಕೊಟ್ಟರು. ಮಸ್ಕಿ ಬಸ್ಸಿನಲ್ಲಿ ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಎಷ್ಟು ಮಂದಿಗೆ ಹಚ್ಚೀದಿ ಇದನ್ನ?" ಎಂದು ಕೇಳಿದಳು.

"ಲೆಕ್ಕ ಇಟ್ಟಿಲ್ಲವ್ವ. ಮುತ್ತೈದೇರಿಗೆ ಹೆಚ್ಚುಕಡಿಮಿ ಇದೇ."

"ಸಂತೆಕಲ್ಲೂರಾಗ?"

"ಮೂರು ಮನಿ."

"ಮಸ್ಕ್ಯಾಗ?"

"ಭಾಳ ಅದಾವು."

"ಪಾಮನಕಲ್ಲೂರಾಗ?"

ಅಲ್ಲಿ ಒಂದೇ ಮನೆ, ಅವಳು ಸೊಸೆಯಾಗಿ ಹೋಗಬೇಕಿದ್ದ ಮನೆ. ಹುಡುಗನ ಅಜ್ಜಿ ಹೋದಾಗ ಫೋಟೋ ಮಾಡಿಕೊಟ್ಟವನು ನಾನೇ. ಪಡಸಾಲೆಯಲ್ಲಿ ಹಾಕಿದ್ದಾರೆ. ಹೇಳಿದೆ. ಅವಳು ಸುತ್ತಿದ ಹಾಳೆಯ ಅಂಚನ್ನು ಸರಿಮಾಡಿದಳು.

ಇನ್ನೇನು, ಮೈ ಸಿಕ್ಕಿತು. ಅವಳದೇ ಮೈ. ಆಧಾರ್ ಕಾರ್ಡಿನ ಮುಖ ತೆಗೆದು ಅದರ ಮೇಲೆ ಇಟ್ಟೆ. ಅರ್ಧ ತಾಲೂಕಿನ ಮುಖಗಳು ಸಲೀಸಾಗಿ ಕೂತಿದ್ದ ಆ ಕುತ್ತಿಗೆಯ ಮೇಲೆ ಅವಳ ಮುಖ ಕೂರಲಿಲ್ಲ. ಬೆಳಕು ಒಂದು ಕಡೆಯಿಂದ, ಮುಖ ಇನ್ನೊಂದು ಕಡೆಗೆ. ಕೆಳಗೆ ನಗು ತಡೆದುಕೊಂಡ ಮೈ, ಮೇಲೆ ಹೆದರಿ ನೋಡುವ ಕಣ್ಣು. ಮೂರು ದಿನ ತಿದ್ದಿದೆ. ತಿದ್ದಿದಷ್ಟೂ ಯಾರೋ ಆದಳು. ಗೋದಾಮಿನ ಗೊಂಬೆಗಳ ನಡುವೆ ತಾಸುಗಟ್ಟಲೆ ಕೂತಾಗ ಬಾರದ ಹೆದರಿಕೆ ಅವತ್ತು ನನ್ನ ಕುರ್ಚಿಯಲ್ಲೇ ಬಂತು. ನಾನು ಮಾನಿಟರ್ ಆರಿಸಿ ಹೊರಗೆ ಹೋಗಿ ನಿಂತೆ.

ಮಗಳಿಗೆ ತೋರಿಸಿದೆ. ಒಂದು ಸಲ ನೋಡಿದಳು.

"ತೆಗಿಯಪ್ಪ ಇದನ್ನ. ಇದು ಅವ್ವ ಅಲ್ಲ."

"ಮತ್ತ ಕಾಲು ಬೀಳೂದು?"

"ಪಾಮನಕಲ್ಲೂರಿಗೇ ಹೊಂಟೀನಲ್ಲ, ಅಲ್ಲೇ ಬೀಳತೀನಿ" ಎಂದಳು.

ಮದುವೆ ಮಸ್ಕಿಯಲ್ಲಾಯಿತು. ಮಂಟಪದ ಪಕ್ಕ ಮತ್ತೆ ಬರೀ ದೀಪ. ಅಕ್ಕ ಮತ್ತೆ ಬೈದಳು, ಮತ್ತೆ ಅನ್ನಿಸಿಕೊಂಡೆ. ನನ್ನ ಮಗಳ ಮದುವೆಯ ಫೋಟೋ ತೆಗೆಯಲು ಸಿಂಧನೂರಿನ ಇನ್ನೊಬ್ಬ ಫೋಟೋಗ್ರಾಫರನನ್ನು ಕರೆಸಿದ್ದೆ. ಅವನು ನನ್ನನ್ನು ಅಲ್ಲಿ ನಿಲ್ಲಿಸಿ ಇಲ್ಲಿ ನಿಲ್ಲಿಸಿ "ಸ್ವಲ್ಪ ನಗ್ರಿ ಸರ್" ಎಂದ. ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತೆ.

ಮರುದಿನ ಮಗಳನ್ನು ಬಿಟ್ಟು ಬರಲು ನಾವು ನಾಲ್ಕು ಮಂದಿ ಪಾಮನಕಲ್ಲೂರಿಗೆ ಹೋದೆವು. ಹೊಸಿಲ ಮೇಲಿನ ಶಾಸ್ತ್ರ ಮುಗಿಯಿತು, ದೇವರ ಮನೆಗೆ ಹೋಗಿ ಬಂದರು. ಹಿರಿಯರ ಫೋಟೋಕ್ಕೆ ಕಾಲು ಬೀಳಿ ಎಂದು ಬೀಗತಿ ಇಬ್ಬರನ್ನೂ ಪಡಸಾಲೆಗೆ ಕರೆತಂದರು. ಅಜ್ಜಿಯ ಮುಖ, ಕೆಳಗೆ ಹಸಿರು ಸೀರೆ. ಅಳಿಯ ಬಗ್ಗಿ ಎದ್ದ. ಮಗಳು ಏಳಲಿಲ್ಲ. ಹಣೆ ನೆಲಕ್ಕೆ ಹಚ್ಚಿ ಹಾಗೇ ಇದ್ದಳು. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು.

"ನೋಡ್ರಿ ಬೀಗ್ರ, ಕಾಣಲಾರದ ಅಜ್ಜಿ ಮ್ಯಾಲೆ ಎಷ್ಟು ಭಕ್ತಿ ನಿಮ್ಮ ಮಗಳಿಗೆ" ಎಂದರು ಬೀಗತಿ. ತುಂಬಾ ಖುಷಿಯಾಗಿತ್ತು ಅವರಿಗೆ. ಆಮೇಲೆ ನಗುತ್ತ ನನ್ನ ಕಡೆ ತಿರುಗಿದರು. "ಹೆಂಗೂ ನೀವು ಈಗ ನಮ್ಮವರ ಆದ್ರಿ. ಈ ಫೋಟೋ ಬ್ಯಾರೆ ಮಾಡಿಕೊಡ್ರಿ. ನಮ್ಮ ಅತ್ತಿ ಮುಖ ಅಷ್ಟ ಇರ್ಲಿ, ಮೈ ಬದಲಿ ಮಾಡ್ರಿ. ಇದು ಸೀರಿ ಅಂಗಡಿ ಗೊಂಬಿ ಮೈ ಅಂತಲ್ರಿ, ಊರ ಮಂದಿ ನಗತಾರ."

ಆಗಲಿ ಎನ್ನಬೇಕು, ಬೀಗತಿಯ ಮಾತು. ಆಗಲಿ ಎಂದರೆ ಆ ಮನೆಯಲ್ಲಿ ಮಗಳಿಗೆ ಇರುವ ಒಂದೇ ಒಂದು ಆಸರೆಯನ್ನು ನಾನೇ ಕತ್ತರಿಸಿ ಬಿಸಾಕಿದ ಹಾಗೆ. ಮೊದಲೊಮ್ಮೆ ಕತ್ತರಿಸಿದವನೂ ನಾನೇ.

ಮಗಳು ಎದ್ದು ನಿಂತಳು. ಆ ಮನೆಯಲ್ಲಿ ಅದು ಅವಳ ಮೊದಲ ಮಾತು.

"ಗೊಂಬಿ ಅಲ್ರಿ ಅತ್ತಿ. ಅದು ನಮ್ಮವ್ವ."

ಮಗಳು ಅಲ್ಲೇ ನಿಂತು ಹೇಳಿದಳು: ದೀಪಾವಳಿಯ ಗದ್ದಲ, ಗೊಂಬೆ ಇಲ್ಲದ್ದು, ಅವ್ವ ನಿಂತದ್ದು, ಅಪ್ಪ ಮರೆತದ್ದು. ಏನೂ ಮುಚ್ಚಿಡಲಿಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದೆ. ಸತ್ತ ಅತ್ತೆಯ ಕೊರಳ ಕೆಳಗೆ ಇನ್ನೊಬ್ಬಳ ಮೈ ಇಟ್ಟವನನ್ನು ಯಾವ ಮನೆಯವರು ಬಿಡುತ್ತಾರೆ? ಬೈಯಲಿ, ಫೋಟೋ ಇಳಿಸಿ ಅಂಗಳಕ್ಕೆ ಎಸೆಯಲಿ ಎಂದು ಕಾದೆ.

ಬೀಗತಿ ಫೋಟೋದ ಹತ್ತಿರ ಹೋದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಸೆರಗಿನಿಂದ ಗಾಜಿನ ಕೆಳಭಾಗದ ಧೂಳು ಒರೆಸಿದರು.

"ಅಯ್ಯ, ಹಂಗಾರ ಇಷ್ಟು ದಿನ ಎರಡು ಹೂವ ಇಡಬೇಕಾಗಿತ್ತಲ್ರಿ ನಾವು. ಒಂದ ಇಟ್ಟೀವಿ" ಎಂದರು.

ದೇವರ ಮನೆಗೆ ಹೋಗಿ ಒಂದು ಸೇವಂತಿಗೆ ತಂದರು. ಮಗಳಿಗೆ ಕೊಡುತ್ತಾರೆ ಎಂದುಕೊಂಡೆ. ನನ್ನ ಕೈಗೆ ಕೊಟ್ಟರು. "ನೀವು ಇಡ್ರಿ ಬೀಗ್ರ. ಇಲ್ಲಿತನ ನೀವು ಇಟ್ಟೇ ಇಲ್ಲ ಕಾಣತೈತಿ."

ಇಟ್ಟಿರಲಿಲ್ಲ. ಎಲ್ಲಿ ಇಡಬೇಕಿತ್ತು, ದೀಪಕ್ಕೇ? ಕೈ ಎತ್ತಿದೆ, ಹೂವು ಚೌಕಟ್ಟಿನ ಅಂಚಿನಲ್ಲಿ ನಿಲ್ಲಲಿಲ್ಲ, ಎರಡು ಸಲ ಬಿತ್ತು. ಮಗಳು ಎತ್ತಿಕೊಟ್ಟಳು. ಮೂರನೇ ಸಲ ಅದನ್ನು ಹಿಡಿದುಕೊಂಡೇ, ಊಟಕ್ಕೆ ಕೂರಲು ಕರೆಯುತ್ತಿದ್ದ ಮಂದಿಯ ನಡುವೆ, ಬೀಗರ ಮನೆಯ ಪಡಸಾಲೆಯಲ್ಲಿ, ನಾನು ಬಾಯಿ ಬಿಟ್ಟು ಅತ್ತೆ.